ಮೊದಲ ಗೇರಿನ ಅದುರು

ಬೆಳಂಬಾರದ ಗಂಗೂ ನಾಯಕ ಕಾರು ಓಡಿಸಲು ಕಲಿತದ್ದು ಶೋಕಿಗಲ್ಲ. ಅಂಗಳದಲ್ಲಿ ನಿಂತ ಕಾರಿನ ಬ್ಯಾಟರಿ ಸಾಯಬಾರದೆಂದು.

ಕಾರು ಅವಳ ತಮ್ಮ ಶ್ರೀನಿವಾಸನದು. ಗೋವಾದಲ್ಲಿ ಕೆಲಸದಲ್ಲಿದ್ದಾಗ ಯಾರದೋ ಕೈಯಿಂದ ಕೊಂಡ ಕೆನೆಬಣ್ಣದ ಹಳೆಯ ಗಾಡಿ. ಗೇರಿನ ಹಿಡಿ ಸ್ಟಿಯರಿಂಗಿನ ಪಕ್ಕದಲ್ಲೇ ಇರುವಂಥದ್ದು. ಎಂಬತ್ತನಾಲ್ಕರಲ್ಲಿ ಅವನಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿತು. ಹೋಗುವ ಮುನ್ನ ಗಾಡಿಯನ್ನು ಊರಿಗೆ ತಂದು, ಮನೆಯ ಪಕ್ಕದ ಚಪ್ಪರದಡಿ ನಿಲ್ಲಿಸಿ, ಮೇಲೆ ತಾಡಪತ್ರೆ ಹೊದೆಸಿ, ಕೀಲಿಯನ್ನು ಅಕ್ಕನ ಕೈಯಲ್ಲಿಟ್ಟ.

“ವಾರಕ್ಕೊಂದ್ ಸಲ ಯಾರ ಹತ್ರಾದ್ರೂ ಚಾಲೂ ಮಾಡ್ಸು ಅಕ್ಕಾ. ಹಾಂಗೇ ಬಿಟ್ರೆ ಬ್ಯಾಟ್ರಿ ಇಳೀತದೆ. ನಾ ಎರಡ್ ವರ್ಷಕ್ಕೆ ಬಂದ್ಬಿಡ್ತೆ.”

ಎರಡು ವರ್ಷಕ್ಕೆ ಅವನು ಬಂದದ್ದು ರಜೆಯ ಮೇಲೆ. ಬಂದವನು ಹೆಂಡತಿಯನ್ನೂ ಕರೆದುಕೊಂಡು ಮರಳಿ ಹೋದ. ವಾರವಾರವೂ ಬಂದು ಗಾಡಿ ಚಾಲೂ ಮಾಡಿಕೊಡುತ್ತಿದ್ದವನು ಪಕ್ಕದ ಮನೆಯ ದೇವಾನಂದ. ಅವನಿಗೂ ಸರಕಾರಿ ಬಸ್ಸಿನಲ್ಲಿ ಡ್ರೈವರ್ ಕೆಲಸವಾಗಿ, ಊರು ಬಿಟ್ಟ. ಎಂಬತ್ತೇಳರ ಮಳೆಗಾಲದಲ್ಲಿ ತಾಯಿ ತೀರಿಕೊಂಡಳು. ಮನೆಯಲ್ಲಿ ಉಳಿದವಳು ಗಂಗೂ ಒಬ್ಬಳೇ.

ಆಗ ಅವಳಿಗೆ ನಲವತ್ತು ಹತ್ತಿರ. ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಟೈಪಿಸ್ಟ್. ಅಪ್ಪ ಬೇಗ ಹೋದವನು. ತಮ್ಮನ ಓದು, ತಮ್ಮನ ಮದುವೆ, ತಾಯಿಯ ಕಾಯಿಲೆ ಎಂದು ಒಂದರ ಬೆನ್ನಿಗೆ ಒಂದು ಬಂದು, ಅವಳ ಮದುವೆಯ ಮಾತು ಯಾವಾಗ ನಿಂತುಹೋಯಿತೆಂದು ಅವಳಿಗೂ ನೆನಪಿಲ್ಲ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಮನೆಗೆ ಬಂದು ಬೀಗ ತೆಗೆದರೆ ಬೆಳಿಗ್ಗೆ ತಾನು ಇಟ್ಟು ಹೋದ ಲೋಟ ಇಟ್ಟಲ್ಲೇ ಇರುತ್ತಿತ್ತು. ಒಬ್ಬಳಿಗಾಗುವಷ್ಟೇ ಅನ್ನ ಮಾಡುವುದು ಅವಳಿಗೆ ಕೊನೆಗೂ ಬರಲಿಲ್ಲ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಮಿಕ್ಕುತ್ತಿತ್ತು.

ಒಂದು ಭಾನುವಾರ ಮಾಡಲು ಬೇರೇನೂ ಇಲ್ಲದೆ ತಾಡಪತ್ರೆ ಎಳೆದು, ಬಾಗಿಲು ತೆಗೆದು, ಡ್ರೈವರ್ ಸೀಟಿನಲ್ಲಿ ಕೂತಳು. ದೇವಾನಂದ ಮಾಡುತ್ತಿದ್ದುದನ್ನು ನೋಡಿದ್ದಳು. ಕೀಲಿ ತಿರುಗಿಸಿದಳು. ಎಂಜಿನ್ನು ನರಳಿತು, ಕೆಮ್ಮಿತು, ಆಮೇಲೆ ಹಿಡಿದುಕೊಂಡಿತು. ಆ ಅಂಗಳದಲ್ಲಿ ಅವಳು ಮಾಡದ ಸದ್ದೊಂದು ಕೇಳಿ ಬಹಳ ದಿನವಾಗಿತ್ತು. ಪೆಟ್ರೋಲು ಹಾಳು ಎಂದು ತಿಳಿದೂ ಬಹಳ ಹೊತ್ತು ಹಾಗೇ ಕೂತಿದ್ದಳು. ಮರುವಾರವೇ ಕಾರವಾರದಲ್ಲಿ ಡ್ರೈವಿಂಗ್ ಶಾಲೆಗೆ ಸೇರಿದಳು.

ಶಾಲೆಯ ಕಾರಿನಲ್ಲಿ ಎಲ್ಲ ಸರಿಯಾಗಿಯೇ ಆಯಿತು. ಲೈಸೆನ್ಸು ಬಂತು. ತೊಂದರೆ ಸುರುವಾದದ್ದು ಮನೆಯ ಗಾಡಿಯಲ್ಲಿ. ಮೊದಲ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ಬಿಡುತ್ತ ಬಂದಳೋ, ಇಡೀ ಗಾಡಿ ಮೂತಿಯಿಂದ ಡಿಕ್ಕಿಯ ತನಕ ಗಡಗಡ ಅದುರುತ್ತಿತ್ತು. ಕಿಟಕಿಯ ಗಾಜು ಕಟಕಟ ಅನ್ನುತ್ತಿತ್ತು. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಎಲ್ಲ ನಿಂತು, ಎರಡನೆಯ ಗೇರಿನಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತಿತ್ತು. ಮತ್ತೆ ಎಲ್ಲಾದರೂ ನಿಲ್ಲಿಸಿ ಹೊರಟರೆ ಮತ್ತೆ ಅದೇ.

ಅಂಕೋಲೆಯ ಪೇಟೆಯಲ್ಲಿ ಹೆಂಗಸು ಕಾರು ಓಡಿಸುವುದನ್ನು ಜನ ಅಷ್ಟಾಗಿ ಕಂಡಿರದ ಕಾಲ. ಬಸ್ ಸ್ಟ್ಯಾಂಡಿನ ಎದುರು ಗಾಡಿ ನಿಂತು ಹೊರಟಿತೆಂದರೆ ಚಾ ಅಂಗಡಿಯಲ್ಲಿದ್ದವರು ಲೋಟ ಕೈಯಲ್ಲಿ ಹಿಡಿದೇ ಹೊರಗೆ ಬರುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಕಚೇರಿಗೇ ಗಾಡಿ ಒಯ್ದಳು. ಸಂಜೆ ಹೊರಡುವಾಗ ಜೊತೆಯ ಗುಮಾಸ್ತ ಶಾಂತಾರಾಮ ಮೆಟ್ಟಿಲ ಮೇಲೆ ನಿಂತು, “ಗಂಗಕ್ಕಾ, ನಿಮ್ಮ ಗಾಡಿಗೆ ಚಳಿಜ್ವರ ಬಂದದೆ ಕಾಣ್ತದೆ” ಅಂದ. ಎಲ್ಲರೂ ನಕ್ಕರು. ಗಂಗೂ ಕೂಡ ನಕ್ಕಳು. ಆಮೇಲೆ ಕಚೇರಿಗೆ ಗಾಡಿ ತರಲಿಲ್ಲ.

ಡ್ರೈವಿಂಗ್ ಶಾಲೆಯವರನ್ನು ಕೇಳಿದಳು. “ನಿಮ್ಮ ಎಡಗಾಲು ಇನ್ನೂ ಪಳಗಿಲ್ಲ. ನಿಧಾನ ಬಿಡಿ” ಅಂದರು. ಅವಳು ಅಂಗಳದಲ್ಲೇ ಹಿಂದೆ ಮುಂದೆ ಮಾಡುತ್ತ ನಿಧಾನ ಬಿಡುವುದನ್ನು ಕಲಿತಳು. ನಿಧಾನ ಬಿಟ್ಟಷ್ಟೂ ಅದುರು ಉದ್ದವಾಗುತ್ತಿತ್ತು. ತನ್ನ ಕಾಲಿನ ಮೇಲೆಯೇ ಅವಳಿಗೆ ಸಿಟ್ಟು. ಕಡೆಗೊಂದು ಉಪಾಯ ಕಂಡುಕೊಂಡಳು: ಎಲ್ಲಿ ಹೋದರೂ ಇಳಿಜಾರು ಹುಡುಕಿ ನಿಲ್ಲಿಸುವುದು. ಬ್ರೇಕು ಬಿಟ್ಟರೆ ಗಾಡಿ ತಾನಾಗಿ ಉರುಳುತ್ತದೆ. ಉರುಳುವಾಗ ಎರಡನೆಯ ಗೇರು ಹಾಕಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಸಂತೆಗೆ ಹೋದರೂ ಇಳಿಜಾರಿರುವ ಕಡೆ ನಿಲ್ಲಿಸಿ, ಅಷ್ಟು ದೂರ ಚೀಲ ಹೊತ್ತು ನಡೆದು ಬರುತ್ತಿದ್ದಳು.

ಮಂಗೇಶನ ಗ್ಯಾರೇಜಿನ ದಾರಿ ತೋರಿಸಿದವನು ಆ ಶಾಂತಾರಾಮನೇ. ನಗಾಡಿದ್ದು ಮನಸ್ಸಿಗೆ ಚುಚ್ಚಿತ್ತೋ ಏನೋ. ಕಾರವಾರದ ಕೋಡಿಬಾಗ ರಸ್ತೆಯಲ್ಲಿ ಹೆಂಚಿನ ಶೆಡ್ಡು, ಹಿಂದುಗಡೆ ಎರಡು ಕೋಣೆಯ ಮನೆ. ಮಂಗೇಶ ಐವತ್ತರ ಆಸುಪಾಸಿನ ಮಿತಮಾತಿನ ಮನುಷ್ಯ. ಅವನ ಹೆಂಡತಿ ಕಾಶಿ ಮಾಜಾಳಿಯವಳು. ಇದ್ದವಳು ಒಬ್ಬಳೇ ಮಗಳು, ಮಡಗಾಂವಿಗೆ ಕೊಟ್ಟಾಗಿತ್ತು.

ಮೊದಲ ಸಲ ಮಂಗೇಶ ಕ್ಲಚ್ ಪ್ಲೇಟು ಬದಲಿಸಿದ. ಒಂದೆರಡು ತಿಂಗಳು ಗಾಡಿ ಬೆಣ್ಣೆಯ ಹಾಗೆ ಹೊರಟಿತು. ಆಮೇಲೆ ಅದುರು ಮೆಲ್ಲಗೆ ಮರಳಿತು. ಗಂಗೂ ಮತ್ತೆ ಹೋದಳು.

“ನೀವು ಕ್ಲಚ್ಚಿನ ಮೇಲೆ ಕಾಲಿಟ್ಕಂಡೇ ಓಡಿಸ್ತೀರಿ ಬಾಯೀ,” ಅಂದ ಅವನು. “ಪ್ಲೇಟು ಅರ್ಧ ಹಿಡ್ಕಂಡು ಅರ್ಧ ಜಾರಿ ಸುಟ್ಟೋಗ್ತದೆ. ಕಾಲು ಪೂರಾ ತೆಗೀಬೇಕು.”

ಎಲ್ಲರೂ ಅದನ್ನೇ ಹೇಳುವಾಗ ಅದೇ ನಿಜವಿರಬೇಕು ಎಂದುಕೊಂಡಳು. ಮತ್ತೊಂದು ಮಳೆಗಾಲ ಹಾಗೇ ಕಳೆಯಿತು. ಗಾಡಿ ಹೊರಡಿಸುವ ಮುಂಚೆ ರಸ್ತೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಆದರೂ ಭಾನುವಾರ ಮನೆಯಲ್ಲಿ ಕೂರಲು ಮನಸ್ಸಾಗದೆ ಹೊರಡಿಸಿಯೇ ಹೊರಡಿಸುತ್ತಿದ್ದಳು.

ನಿಜ ಗೊತ್ತಾದದ್ದು ಆಕಸ್ಮಿಕವಾಗಿ. ಎಣ್ಣೆ ಬದಲಿಸಲೆಂದು ಹೋದ ಒಂದು ಭಾನುವಾರ, ಗಾಡಿಯನ್ನು ಶೆಡ್ಡಿನೊಳಗೆ ತೆಗೆದುಕೊಳ್ಳಲು ಮಂಗೇಶ ತಾನೇ ಕೂತ. ಅದು ಗಡಗಡ ಅದುರಿತು. ಅವನು ನಿಲ್ಲಿಸಿದ. ಮತ್ತೆ ಹೊರಡಿಸಿದ. ಮತ್ತೆ ಅದುರಿತು. ಇಳಿದು ಬಾರದೆ, ಕೂತಲ್ಲಿಂದಲೇ ಪಕ್ಕದ ಬಾಗಿಲು ತೆಗೆದ.

“ಕೂತ್ಕಣಿ ಬಾಯೀ. ಬಿಣಗಾ ಘಾಟಿಗೆ ಹೋಗಿ ಬರುವಾ.”

ಘಾಟಿಯ ಏರಿನಲ್ಲಿ ಅವನು ನಾಲ್ಕಾರು ಕಡೆ ಗಾಡಿ ನಿಲ್ಲಿಸಿ ನಿಲ್ಲಿಸಿ ಹೊರಡಿಸಿದ. ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ. ಏರಿನಲ್ಲಿ ಅದುರು ಇನ್ನೂ ಕೆಟ್ಟದಾಗಿತ್ತು. ಗಂಗೂನ ಹಲ್ಲಿಗೆ ಹಲ್ಲು ತಾಗುತ್ತಿತ್ತು. ಮೇಲೆ, ರಸ್ತೆಯ ಅಂಚಿನಲ್ಲಿ ನಿಲ್ಲಿಸಿ ಅವನು ಹೇಳಿದ:

“ಜರ್ಕು ಅಂದ್ರೆ ಬೇರೆ. ಅದು ಒಂದೇ ಸಲ ಹಿಂದಿಂದ ದೂಡಿದ ಹಾಂಗೆ. ಅದಾಗಿದ್ರೆ ಕಾಲಿಂದೇ ತಪ್ಪು. ಇದು ಅದುರು. ಎಂಜಿನ್ ತಿರುಗ್ತಾ ಇರ್ತದೆ, ಗಾಡಿ ನಿಂತಿರ್ತದೆ. ಎರಡನ್ನೂ ಜೋಡಿಸೂದು ಆ ಪ್ಲೇಟು. ಅದು ಒಂದೇ ಹದದಲ್ಲಿ ಹಿಡೀಬೇಕು. ಇಲ್ಲಿ ಹಾಂಗಲ್ಲ, ಹಿಡೀತದೆ, ಜಾರ್ತದೆ, ಮತ್ತೆ ಹಿಡೀತದೆ, ಮತ್ತೆ ಜಾರ್ತದೆ.”

ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಮುಂದಿನ ಗಾಜಿಗೆ ಒತ್ತಿ ಎಳೆದ. ಬೆರಳು ನುಣ್ಣಗೆ ಸಾಗದೆ ಕಿರ್ ಕಿರ್ ಎಂದು ತಡೆದು ತಡೆದು ಹೋಯಿತು.

“ಇದೇ,” ಅಂದ.

“ಹಂಗಾರೆ ನನ್ನ ಕಾಲಿನ ತಪ್ಪಲ್ದಾ?”

“ಅಲ್ಲ ಬಾಯೀ. ನಾ ಮೂವತ್ತ್ ವರ್ಷದಿಂದ ಓಡಿಸ್ತೆ. ನನ್ನ ಕಾಲಿಗೂ ಅದುರ್ತದೆ.”

ಗಂಗೂ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಸಮುದ್ರ ಕಾಣುತ್ತಿತ್ತು. ಕಾರಿನ ವಿಷಯಕ್ಕೆ ಯಾರಾದರೂ ಅಳುತ್ತಾರೆಯೇ ಎಂದು ತನಗೆ ತಾನೇ ಬೈದುಕೊಂಡಳು.

ಅಲ್ಲಿಂದ ಹುಡುಕಾಟ ಸುರುವಾಯಿತು. ಮಂಗೇಶ ವಾರದ ದಿನ ಲಾರಿಯವರ ಕೆಲಸ ಬಿಡುವ ಹಾಗಿರಲಿಲ್ಲ. ಭಾನುವಾರ ಮಾತ್ರ ಪುರುಸೊತ್ತು. ಗಂಗೂ ಪ್ರತಿ ಭಾನುವಾರ ಬೆಳಿಗ್ಗೆ ಬೆಳಂಬಾರದಿಂದ ಹೊರಟು, ಅವರ್ಸೆ, ಅಮದಳ್ಳಿ, ಅರಗಾ ದಾಟಿ ಕಾರವಾರಕ್ಕೆ ಬರುತ್ತಿದ್ದಳು. ಮೊದಲು ಎಂಜಿನ್ನು ಕೂತಿರುವ ರಬ್ಬರುಗಳನ್ನು ಬಿಚ್ಚಿದರು; ಎಣ್ಣೆ ಕುಡಿದು ಹಲಸಿನ ಹಣ್ಣಿನ ಹಾಗೆ ಮೆತ್ತಗಾಗಿದ್ದವು. ಎಂಜಿನ್ನೇ ಜಾಗದಲ್ಲಿ ಅಲುಗಾಡಿದರೆ ಗಾಡಿ ಅದುರದೆ ಇನ್ನೇನು ಎಂದು ಮಂಗೇಶ ಹೊಸದು ಹಾಕಿದ. ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಆಮೇಲೆ ಹಿಂದಿನ ಗಾಲಿಗೆ ಬಲ ಒಯ್ಯುವ ಉದ್ದನೆಯ ಶಾಫ್ಟಿನ ಜಾಯಿಂಟು. ಅದರಲ್ಲೂ ಸವಕಲು ಇತ್ತು. ಬದಲಿಸಿದರು. ಅದುರು ಇದ್ದೇ ಇತ್ತು.

ಗಂಗೂ ಸ್ಟೂಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದಳು, ಕೇಳುತ್ತಿದ್ದಳು. ಬ್ರೇಕು ಒತ್ತಿದಾಗ ಪೆಡಲು ನಡುಗಿದರೆ ಡ್ರಮ್ಮು ಕಾದು ಸೊಟ್ಟಗಾಗಿರುತ್ತದೆ. ಜೋರಾಗಿ ಓಡುವಾಗ ಸ್ಟಿಯರಿಂಗು ನಡುಗಿದರೆ ಗಾಲಿಯ ತೂಕ ಒಂದು ಕಡೆಗೆ ವಾಲಿರುತ್ತದೆ. ಎಲ್ಲವೂ ನಡುಕವೇ, ಆದರೆ ಯಾವಾಗ ಬರುತ್ತದೆ, ಎಲ್ಲಿ ತಾಗುತ್ತದೆ ಎಂಬುದರಲ್ಲಿ ವ್ಯತ್ಯಾಸ. ಇಂಥದನ್ನು ಮಂಗೇಶ ಕೈಕೆಲಸ ಬಿಡದೆ, ಗಾಡಿಯ ಅಡಿಯಿಂದಲೇ ಹೇಳುತ್ತಿದ್ದ.

ಮಧ್ಯಾಹ್ನ ಕಾಶಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮೊದಲೆರಡು ವಾರ ಗಂಗೂ ಮನೆಯಿಂದ ಬುತ್ತಿ ತಂದಿದ್ದಳು. ಮೂರನೆಯ ವಾರ ಕಾಶಿ ಆ ಡಬ್ಬಿಯನ್ನು ತೆಗೆದು ಬದಿಗಿಟ್ಟು, “ಅದು ಸಂಜೆಗೆ ತಿನ್ನು. ಈಗ ಒಳಗೆ ಬಾ” ಅಂದಳು. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಗಂಗೂಗೆ ಇನ್ನೊಬ್ಬರು ಬಡಿಸಿದ್ದನ್ನು ಉಂಡು ಎಷ್ಟು ಕಾಲವಾಗಿತ್ತೋ. ಊಟವಾದ ಮೇಲೆ ಇಬ್ಬರೂ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕಾಯಿಪಲ್ಲೆ ಹೆಚ್ಚುವುದೋ, ಅಕ್ಕಿ ಆರಿಸುವುದೋ ಮಾಡುತ್ತಿದ್ದರು.

“ಒಬ್ಳಿಗೇ ಬೇಜಾರ ಬರೂದಿಲ್ವಾ ಗಂಗೂ ನಿಂಗೆ?”

“ಬೇಜಾರ ಎಂತದು ಕಾಶಕ್ಕಾ. ರೂಢಿ ಆಗದೆ.”

ಮರುವಾರದಿಂದ ಗಂಗೂನ ತಟ್ಟೆಗೆ ಕೇಳದೆಯೇ ಎರಡು ಮೀನು ಬೀಳತೊಡಗಿದವು.

ತೊಂಬತ್ತರ ಮಳೆ ಇಳಿಮುಖವಾದಾಗ ಮಂಗೇಶ ಗೇರ್‌ಬಾಕ್ಸನ್ನೇ ಇಳಿಸಿದ. ಒಳಗಿನಿಂದ ಕ್ಲಚ್ ಪ್ಲೇಟು ತೆಗೆದು ಬೆಳಕಿಗೆ ಹಿಡಿದ. ಒಂದು ಮಗ್ಗುಲು ಕಪ್ಪಗೆ ಜಿಡ್ಡಾಗಿತ್ತು. ಎಂಜಿನಿನ ಹಿಂಬದಿಯ ಸೀಲಿನಿಂದ ಎಣ್ಣೆ ಹನಿಹನಿಯಾಗಿ ಜಿನುಗಿ ಪ್ಲೇಟಿಗೆ ಬೀಳುತ್ತಿತ್ತು. ಪ್ಲೇಟು ಒತ್ತಿಕೊಳ್ಳುವ ಫ್ಲೈವೀಲೆಂಬ ಚಕ್ರದ ಮೈಮೇಲೆ ಅಲ್ಲಲ್ಲಿ ಕಾದು ನೀಲಿಗಟ್ಟಿದ ಕಲೆಗಳು. ಎಣ್ಣೆ ಬಿದ್ದಲ್ಲಿ ಜಾರುತ್ತಿತ್ತು, ಒಣಗಿದಲ್ಲಿ ಹಿಡಿಯುತ್ತಿತ್ತು.

ಮಂಗೇಶ ಪ್ಲೇಟನ್ನು ನೆಲದ ಮೇಲಿಟ್ಟು, ಬಟ್ಟೆಯಿಂದ ಕೈ ಒರೆಸಿಕೊಂಡ.

“ಮೊದಲ್ನೇ ಸಲ ಪ್ಲೇಟ್ ಹಾಕುವಾಗಲೇ ಈ ಸೀಲ್ ನೋಡ್ಬೇಕಿತ್ತು. ನೋಡ್ಲಿಲ್ಲ. ಹೊಸ ಪ್ಲೇಟಿಗೂ ಎಣ್ಣೆ ಕುಡ್ಸಿ, ತಪ್ಪು ನಿಮ್ಮ ಕಾಲಿನ ಮೇಲೆ ಹಾಕ್ದೆ.”

“ಇರ್ಲಿ ಮಂಗೇಶಣ್ಣ. ಎಲ್ಲಾರೂ ಅದನ್ನೇ ಹೇಳಿದ್ರು.”

“ಎಲ್ಲಾರೂ ಹೇಳ್ಬಹುದು. ನಾ ಹೇಳ್ಬಾರ್ದಿತ್ತು.”

ಫ್ಲೈವೀಲನ್ನು ಹುಬ್ಬಳ್ಳಿಗೆ ಕಳಿಸಿ ಲೇತಿನಲ್ಲಿ ಮೈ ಸಮ ಮಾಡಿಸಿ ತಂದರು. ಹೊಸ ಸೀಲು, ಹೊಸ ಪ್ಲೇಟು. ಎಲ್ಲ ಜೋಡಿಸಿದ ದಿನ ಮಂಗೇಶ ಪಕ್ಕದಲ್ಲಿ ಕೂತು ಗಂಗೂನ ಕೈಗೇ ಸ್ಟಿಯರಿಂಗು ಕೊಟ್ಟ. ಬಿಣಗಾದ ಏರಿನ ನಡುವೆ ನಿಲ್ಲಿಸಲು ಹೇಳಿದ. ಅವಳು ಉಸಿರು ಹಿಡಿದು ಕ್ಲಚ್ ಬಿಟ್ಟಳು. ಗಾಡಿ ನೀರಿನ ಮೇಲೆ ದೋಣಿ ಸರಿದಂತೆ ಏರಿತು. ಮತ್ತೆ ನಿಲ್ಲಿಸಿ, ಮತ್ತೆ ಹೊರಡಿಸಿದಳು. ಯಾರೂ ಹೇಳದಿದ್ದರೂ ಇನ್ನೊಂದು ಸಲ ನಿಲ್ಲಿಸಿದಳು.

“ಸಾಕು ಬಾಯೀ,” ಅಂದು ಮಂಗೇಶ ನಕ್ಕ. ಅವನು ನಕ್ಕದ್ದನ್ನು ಅವಳು ಕಂಡದ್ದೇ ಕಡಿಮೆ. “ಇನ್ನ ಬರೂದು ಬೇಡ ನೀವು. ಐದಾರು ವರ್ಷ ನೋಡೂದೇ ಬೇಡ.”

ಖುಷಿಯಿಂದ ಹೇಳಿದ ಮಾತು. ಗಂಗೂ ಕೂಡ ಖುಷಿಯಿಂದಲೇ ಹೊರಟಳು. ಅರಗಾ ದಾಟುವಾಗ, ಇನ್ನು ಮುಂದಿನ ಭಾನುವಾರ ಎಲ್ಲಿಗೂ ಹೋಗುವುದಿಲ್ಲವೆಂಬುದು ಅವಳ ತಲೆಗೆ ಹೊಳೆಯಿತು.

ಮುಂದಿನ ಭಾನುವಾರ ಗಾಡಿ ತೊಳೆದಳು. ಅದರ ಮುಂದಿನ ವಾರ ಬೇಲೆಕೇರಿಯ ತನಕ ಹೋಗಿ, ದೋಣಿ ನೋಡಿ ಬಂದಳು. ಈಗ ಎಲ್ಲಿ ಬೇಕಾದರೂ ನಿಲ್ಲಿಸಬಹುದಿತ್ತು, ಆದರೆ ನಿಲ್ಲಿಸಿ ಇಳಿಯಬೇಕಾದ ಜಾಗ ಯಾವುದೂ ಇರಲಿಲ್ಲ. ಒಂದು ಸಲ ಕೋಡಿಬಾಗ ರಸ್ತೆಯಲ್ಲೇ ಹೋದಳು. ಕಾಶಿ ಬಟ್ಟೆ ಒಣಹಾಕುತ್ತಿದ್ದಳು, ಬೆನ್ನು ರಸ್ತೆಯ ಕಡೆಗಿತ್ತು. ಗಂಗೂ ನಿಲ್ಲಿಸಲಿಲ್ಲ. ಕೆಟ್ಟ ಗಾಡಿ ತಂದವಳಿಗೆ ಊಟ ಹಾಕಿದ್ದು ಒಂದು. ಸರಿಯಿರುವ ಗಾಡಿಯಲ್ಲಿ ಊಟದ ಹೊತ್ತಿಗೆ ಹೋಗಿ ಇಳಿದರೆ ಏನೆಂದುಕೊಂಡಾರು? ಅವಳು ಅವರಿಗೆ ಏನಾಗಬೇಕು? ಗಿರಾಕಿ. ಅಷ್ಟೇ.

ದೀಪಾವಳಿ ಕಳೆಯಿತು. ಒಂದು ಭಾನುವಾರ ಒಲೆಯ ಮೇಲೆ ಅನ್ನಕ್ಕೆ ನೀರಿಟ್ಟವಳು, ನೀರು ಕಾಯುವ ಮುಂಚೆಯೇ ಒಲೆ ಆರಿಸಿ, ಸೀರೆ ಬದಲಿಸಿ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

“ಬ್ರೇಕ್ ಒತ್ತಿದ್ರೆ ಪೆಡಲ್ ನಡುಗ್ತದೆ ಮಂಗೇಶಣ್ಣ,” ಅಂದಳು ಗ್ಯಾರೇಜಿನಲ್ಲಿ ಇಳಿದು. ಅವನ ಮುಖ ನೋಡಲಿಲ್ಲ.

ಮಂಗೇಶ ಕೈ ತೊಳೆದು ಬಂದು ಕೂತ. ಅವಳನ್ನೂ ಕೂರಿಸಿಕೊಂಡು ಕಾಳಿ ಸೇತುವೆಯ ತನಕ ಹೋದ. ಮೆಲ್ಲಗೆ ಒತ್ತಿದ, ಜೋರಾಗಿ ಒತ್ತಿದ. ಪ್ರತಿ ಸಲವೂ ಗಾಡಿ ಹೇಳಿದ ಮಾತು ಕೇಳುವ ಎತ್ತಿನ ಹಾಗೆ ನಿಂತಿತು. ಪೆಡಲಿನಲ್ಲಿ ಏನೂ ಇಲ್ಲವೆಂದು ಅವಳಿಗೆ ಗೊತ್ತು. ಅವನಿಗೂ ಗೊತ್ತಾಯಿತೆಂದು ಅವಳಿಗೆ ಗೊತ್ತಾಯಿತು.

ಮರಳಿ ಬಂದು ಮಂಗೇಶ ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿ, ಕೀಲಿ ಅವಳಿಗೆ ಕೊಟ್ಟ.

“ಸ್ವಲ್ಪ ಉಂಟು ಬಾಯೀ. ಡ್ರಮ್ ಬಿಚ್ಚಿ ನೋಡ್ಬೇಕು. ಇವತ್ತು ಆಗೂದಿಲ್ಲ. ಬರೂ ಆಯ್ತವಾರ ತಕಂಡ್ ಬನ್ನಿ.” ಒಳಗೆ ಹೋಗುವವನು ತಿರುಗಿ ನಿಂತು ಹೇಳಿದ, “ಊಟಕ್ಕೆ ಮೊದ್ಲೇ ಬನ್ನಿ.”

ಆ ಡ್ರಮ್ಮನ್ನು ಯಾರೂ ಬಿಚ್ಚಲಿಲ್ಲ. ಬರುವ ಭಾನುವಾರ, ಅದರ ಮುಂದಿನ ಭಾನುವಾರ, ಹೀಗೆ ಎರಡು ವರ್ಷಕ್ಕೂ ಮಿಕ್ಕಿ ಗಂಗೂ ಹೋದಳು. ಗಾಡಿ ಹೊರಗೆ ನೆರಳಿನಲ್ಲಿ ನಿಂತಿರುತ್ತಿತ್ತು. ಬ್ರೇಕಿನ ಮಾತನ್ನು ಅವಳೂ ತೆಗೆಯಲಿಲ್ಲ, ಅವರೂ ಕೇಳಲಿಲ್ಲ. ಅವಳ ಆಯುಷ್ಯದ ಒಳ್ಳೆಯ ಕಾಲ ಯಾವುದೆಂದು ಯಾರಾದರೂ ಕೇಳಿದ್ದರೆ ಅವಳು ಅದನ್ನೇ ಹೇಳುತ್ತಿದ್ದಳು. ಯಾರೂ ಕೇಳಲಿಲ್ಲ.

ತೊಂಬತ್ಮೂರರಲ್ಲಿ ಗ್ಯಾರೇಜಿನ ಜಾಗದ ಯಜಮಾನರು ಅಲ್ಲಿ ಕಟ್ಟಡ ಕಟ್ಟಿಸಲು ಹೊರಟರು. ಶೆಡ್ಡು ಕೆಡವಿದರು. ಆ ವಯಸ್ಸಿನಲ್ಲಿ ಬೇರೆ ಕಡೆ ಹೊಸದಾಗಿ ಸುರು ಮಾಡುವ ಉಮೇದು ಮಂಗೇಶನಿಗಿರಲಿಲ್ಲ. ಗಂಡಹೆಂಡತಿ ಮಾಜಾಳಿಯಲ್ಲಿ ಕಾಶಿಯ ತವರಿನ ಹಿತ್ತಲಲ್ಲಿ ಮನೆ ಮಾಡಿಕೊಂಡರು. ಅವನು ದಿನಾ ಗಡಿ ದಾಟಿ ಗೋವಾದ ಒಂದು ಗ್ಯಾರೇಜಿಗೆ ಕೂಲಿಗೆ ಹೋಗತೊಡಗಿದ. ಹೋಗುವ ದಿನ ಕಾಶಿ, “ಮಾಜಾಳಿ ಎಂತ ದೂರಲ್ಲ. ಬರ್ಬೇಕು ನೀ” ಅಂದಳು. “ಬತ್ತೆ ಕಾಶಕ್ಕಾ” ಅಂದಳು ಗಂಗೂ. ಅವರ ಪಾತ್ರೆಯ ಗಂಟುಗಳನ್ನು ಮಾಜಾಳಿಗೆ ಒಯ್ದು ಇಳಿಸಿದ್ದು ಅವಳ ಗಾಡಿಯೇ. ಮತ್ತೆ ಹೋಗುವುದು ಆಗಲಿಲ್ಲ. ತವರಿನವರ ನಡುವಿನ ಮನೆಗೆ ತಾನು ಯಾರೆಂದು ಹೇಳಿಕೊಂಡು ಹೋಗುವುದು?

ಅದರ ಮರುವರ್ಷ ಶ್ರೀನಿವಾಸ ಮಸ್ಕತ್ತು ಬಿಟ್ಟು ಬಂದು ಧಾರವಾಡದಲ್ಲಿ ಮನೆ ಕಟ್ಟಿಸಿದ. ಹೊಸ ಕಾರು ಕೊಂಡ. “ಈ ಹಳೇದು ಇಟ್ಕಂಡು ಎಂತ ಮಾಡ್ತೆ ಅಕ್ಕಾ” ಎಂದು ಕುಮಟೆಯ ಒಬ್ಬರಿಗೆ ಮಾರಿದ. ಗಾಡಿ ಅವನದು, ಅವಳು ಕೀಲಿ ತಂದು ಕೊಟ್ಟಳು. ಕೊಂಡವರು ಬಂದು, ಮೊದಲ ಗೇರು ಹಾಕಿ, ಚಪ್ಪರದಡಿಯಿಂದ ಗಾಡಿ ಹೊರಡಿಸಿದರು. ಸ್ವಲ್ಪವೂ ಅಲುಗಾಡದೆ ಅದು ಅಂಗಳ ದಾಟಿ ರಸ್ತೆಗಿಳಿಯಿತು. ಎಷ್ಟು ಚೆನ್ನಾಗಿ ಹೊರಟಿತು ನೋಡು ಎಂದು ಹೇಳಬೇಕೆನಿಸಿತು ಅವಳಿಗೆ. ಶ್ರೀನಿವಾಸ ಆಗಲೇ ಒಳಗೆ ಹೋಗಿದ್ದ. ಮರುದಿನ ಅವನೂ ಧಾರವಾಡಕ್ಕೆ ಹೊರಟ.

ತೊಂಬತ್ತಾರರ ಮೇ ತಿಂಗಳು. ಹಿತ್ತಲಿನ ಕರಿ ಇಶಾಡು ಮಾವು ಆ ವರ್ಷ ರೆಂಬೆ ಬಾಗುವಷ್ಟು ಬಿಟ್ಟಿತ್ತು. ಒಬ್ಬಳು ಎಷ್ಟು ತಿಂದಾಳು. ಕಚೇರಿಯವರಿಗೆ ಕೊಟ್ಟು, ನೆರೆಯವರಿಗೆ ಕೊಟ್ಟು, ಇನ್ನೂ ಉಳಿದವುಗಳಲ್ಲಿ ಒಳ್ಳೆಯದನ್ನು ಆರಿಸಿ ಚೀಲಕ್ಕೆ ತುಂಬಿದಳು. ಯಾವ ಮಾತನ್ನೂ ಜೋಡಿಸಿಕೊಳ್ಳದೆ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದಳು. ಕಾರವಾರದಲ್ಲಿ ಬಸ್ಸು ಬದಲಿಸಿ ಮಾಜಾಳಿಯಲ್ಲಿ ಇಳಿದಳು.

ಕಾಶಿಯ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಿಂದ, ಅಲ್ಲಿನ ಸೊಸೆಯ ಹಾಗೆ ಕಾಣುವ ಒಬ್ಬಳು ಹೊರಗೆ ಬಂದಳು.

“ಅವ್ರು ಇಲ್ಲ. ಮಗಳಿಗೆ ಹೆರಿಗೆ ಅಂತ ಇಬ್ರೂ ಮಡಗಾಂವಿಗೆ ಹೋಗಿದ್ದಾರೆ. ಚೌತಿಗೆ ಬರ್ತಾರೇನೋ. ನೀವು ಯಾರು?”

“ಅಂಕೋಲೆ ಬದಿಯೋಳು. ಗಂಗೂ ಅಂತ.”

“ಅವ್ರಿಗೆ ಎಂತ ಆಗ್ಬೇಕು?”

ಗಂಗೂ ಚೀಲ ಕೆಳಗಿಟ್ಟಳು. “ಕಾಶಕ್ಕ ನಂಗೆ ಅಕ್ಕ ಆಗ್ಬೇಕು,” ಅಂದಳು.

ಚೌತಿಯ ತನಕ ಮಾವು ಉಳಿಯುವುದಿಲ್ಲ. ನೀವೇ ತಿನ್ನಿ ಎಂದು ಚೀಲದ ಹಣ್ಣನ್ನೆಲ್ಲ ಆ ಹೆಂಗಸಿಗೇ ಕೊಟ್ಟಳು. ಅವಳು ಒಳಗೆ ಕರೆದು ಚಾ ಕೊಡುತ್ತೇನೆಂದಳು. ಗಂಗೂ ಬೇಡವೆಂದು, ಖಾಲಿ ಚೀಲವನ್ನು ಮಡಚಿ ಕೈಯಲ್ಲಿ ಹಿಡಿದು ರಸ್ತೆಗೆ ಬಂದಳು. ಬಿಸಿಲು ಏರಿತ್ತು. ಕಾರವಾರದ ಕಡೆ ಹೋಗುವ ಬಸ್ಸು ಬೇಗನೆ ಬಂತು. ಕಿಟಕಿಯ ಪಕ್ಕದ ಸೀಟು ಖಾಲಿಯಿತ್ತು, ಹೋಗಿ ಕೂತಳು.